‘ಸೌಖ್ಯವಾ?’ ಅಂತ ಕೇಳಿ ಪಂಚಾಯತ್ ಯೋಜನೆ ಮಾಡುವುದು ಹೇಗೆ: ಕಾಸರಗೋಡಿನ ವಾರ್ಡುಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಗ್ರಾಮಸಭೆಗಳಲ್ಲಿ ಕೇಳುವುದು ಒಂದೇ ಪ್ರಶ್ನೆ: ನಿಮಗೆ ಏನು ಬೇಕು? ಉತ್ತರವೂ ಹೆಚ್ಚುಕಡಿಮೆ ಒಂದೇ. ರಸ್ತೆಗೆ ಡಾಂಬರು, ತಿರುವಿನಲ್ಲಿ ದಾರಿದೀಪ, ಒಂದು ಮೋರಿ, ಒಂದು ತಡೆಗೋಡೆ. ಕೇಳಿದವರ ತಪ್ಪೂ ಅಲ್ಲ, ಹೇಳಿದವರ ತಪ್ಪೂ ಅಲ್ಲ. ಆದರೆ ಅದೇ ಜನ ಸಭೆ ಮುಗಿಸಿ ಹೊರಗೆ ಬಂದು ಚಪ್ಪಲಿ ಹುಡುಕುತ್ತಾ ಮಾತಾಡುವುದು ಬೇರೆಯೇ ಸಂಗತಿ. ಏಪ್ರಿಲ್‌ನಲ್ಲೇ ಬಾವಿ ಬತ್ತಿದ್ದು, ಅಮ್ಮನ ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗಿಬರುವ ಖರ್ಚು, ಹಾಸಿಗೆ ಹಿಡಿದ ಮಗನನ್ನು ಬಿಟ್ಟು ತವರಿನ ಮದುವೆಗೂ ಹೋಗಲಾಗದ್ದು. ಇದು ಯಾವುದೂ ಮಿನಿಟ್ಸ್ ಪುಸ್ತಕಕ್ಕೆ ಬರುವುದಿಲ್ಲ.

ದಾರಿಯಲ್ಲಿ ಯಾರಾದರೂ ಸಿಕ್ಕರೆ ನಾವು ಮೊದಲು ಕೇಳುವುದು ‘ಸೌಖ್ಯವಾ?’ ಅಂತ ಅಲ್ವಾ. ಪಂಚಾಯತ್ ಕೂಡ ಹಾಗೆ ಕೇಳಬೇಕು, ಬಂದ ಉತ್ತರವನ್ನು ಲೆಕ್ಕವಾಗಿ ಬರೆದಿಡಬೇಕು, ಆ ಲೆಕ್ಕ ನೋಡಿ ಹಣ ಇಡಬೇಕು. ಆ ಲೆಕ್ಕಕ್ಕೆ ಜನಕ್ಷೇಮ ಸೂಚಕ ಅನ್ನುತ್ತಾರೆ. ಮಂಜೇಶ್ವರ ತಾಲೂಕಿನ ಒಂದು ಪಂಚಾಯತ್‌ನ ವರ್ಕಿಂಗ್ ಗ್ರೂಪಿನಲ್ಲಿ, ಅಂದರೆ ಒಂದೊಂದು ವಿಷಯದ ಯೋಜನೆ ತಯಾರಿಸುವ ಗುಂಪಿನಲ್ಲಿ, ನಾನು ಕೆಲವು ವರ್ಷ ಕೂತಿದ್ದೇನೆ. ಅಲ್ಲಿ ಕಲಿತದ್ದನ್ನು, ಎಡವಿ ಕಲಿತದ್ದನ್ನೂ ಸೇರಿಸಿ, ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ.

ಸೂಚಕ ಯಾವುದು, ಯಾವುದಲ್ಲ

ಈ ವರ್ಷ ಎಷ್ಟು ನಲ್ಲಿ ಹಾಕಿದೆವು ಅನ್ನುವುದು ಕೆಲಸದ ಲೆಕ್ಕ. ಮೇ ತಿಂಗಳಲ್ಲಿ ಎಷ್ಟು ಮನೆಯ ನಲ್ಲಿಯಲ್ಲಿ ನೀರು ಬಂತು ಅನ್ನುವುದು ಕ್ಷೇಮದ ಲೆಕ್ಕ. ಎರಡೂ ಬೇಕು. ಆದರೆ ನಮ್ಮ ಕಡತಗಳಲ್ಲಿ ಮೊದಲನೆಯದೇ ತುಂಬಿರುತ್ತದೆ. ಅಂಗನವಾಡಿ ಕಟ್ಟಡಕ್ಕೆ ಎಷ್ಟು ಖರ್ಚಾಯಿತು ಅಂತ ಒಂದು ನಿಮಿಷದಲ್ಲಿ ಹೇಳಬಹುದು, ಅಲ್ಲಿಗೆ ಬರುವ ತುಳು ಮಾತಿನ ಮಗುವಿಗೆ ಟೀಚರ್ ಹೇಳಿದ್ದು ಅರ್ಥವಾಗುತ್ತಾ ಅಂತ ಹೇಳುವ ಕಾಗದ ಇಲ್ಲ.

ಇದು ಹೊಸ ವಿಚಾರವೇನಲ್ಲ. ಭೂತಾನ್ ದೇಶ ತನ್ನ ಜನರ ಸಂತೋಷವನ್ನು 9 ವಿಭಾಗ, 33 ಸೂಚಕಗಳಲ್ಲಿ ಅಳೆಯುತ್ತದೆ. ಬ್ರಿಟನ್ನಿನ ವೇಲ್ಸ್ 2015ರಲ್ಲಿ ಕಾನೂನನ್ನೇ ಮಾಡಿತು, ಅಲ್ಲಿನ ಸ್ಥಳೀಯ ಕೌನ್ಸಿಲುಗಳು ಮುಂದಿನ ತಲೆಮಾರಿನ ಕ್ಷೇಮವನ್ನೂ ನೋಡಿ ಯೋಜನೆ ಮಾಡಬೇಕು. ನ್ಯೂಜಿಲೆಂಡ್ 2019ರಲ್ಲಿ ಕ್ಷೇಮದ ಹೆಸರಿನಲ್ಲೇ ಬಜೆಟ್ ಮಂಡಿಸಿತು. ನಮ್ಮ ದೇಶದಲ್ಲಿ ಪಂಚಾಯತ್ ಅಭಿವೃದ್ಧಿ ಸೂಚ್ಯಂಕ ಅಂತ ಒಂದಿದೆ. 2022-23ರ ಮಾಹಿತಿ ಮೇಲೆ ಮಾಡಿದ ಮೊದಲ ಲೆಕ್ಕ 2025ರ ಏಪ್ರಿಲ್‌ನಲ್ಲಿ ಹೊರಬಂತು: 9 ವಿಷಯ, 435 ಸೂಚಕ, 2 ಲಕ್ಷಕ್ಕೂ ಜಾಸ್ತಿ ಪಂಚಾಯತ್‌ಗಳು. 90ಕ್ಕಿಂತ ಮೇಲಿನ ಅಂಕದ ಮೊದಲ ದರ್ಜೆ ಒಂದೇ ಒಂದು ಪಂಚಾಯತ್‌ಗೂ ಸಿಗಲಿಲ್ಲ. ಅದನ್ನು ತೆಗೆದು ನೋಡಿ, ಉಪಯೋಗವಿದೆ. ಆದರೆ ಅದು ದೇಶಕ್ಕೆಲ್ಲ ಒಂದೇ ಪಟ್ಟಿ. ಏಳು ಭಾಷೆಯ ನಮ್ಮ ಗಡಿನಾಡಿನ ಕಷ್ಟಸುಖಕ್ಕೆ ಅದರಲ್ಲಿ ಜಾಗ ಕಡಿಮೆ. ಆ ಭಾಗವನ್ನು ನಾವೇ ತುಂಬಬೇಕು.

ಹೆಜ್ಜೆ 1: ಯಾವ ಬಾಗಿಲು ಯಾವಾಗ ತೆರೆಯುತ್ತದೆ ಅಂತ ತಿಳಿದುಕೊಳ್ಳಿ

ಕೇರಳದಲ್ಲಿ ನಮಗೆ ಒಂದು ಅನುಕೂಲ ಇದೆ. 1996ರ ಆಗಸ್ಟ್ 17ರಂದು ಜನಕೀಯ ಆಸೂತ್ರಣ, ಅಂದರೆ ಜನರ ಯೋಜನೆ ಶುರುವಾಯಿತು. ರಾಜ್ಯದ ಯೋಜನಾ ಹಣದಲ್ಲಿ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡುವ ತೀರ್ಮಾನ ಆಗ ಆಯಿತು. ದಾರಿ ಹೀಗಿದೆ: ವರ್ಕಿಂಗ್ ಗ್ರೂಪು ತನ್ನ ವಿಷಯದ ಸ್ಥಿತಿಗತಿ ಬರೆಯುತ್ತದೆ, ಗ್ರಾಮಸಭೆ ಚರ್ಚೆ ಮಾಡುತ್ತದೆ, ವಿಕಸನ (ಅಭಿವೃದ್ಧಿ) ಸೆಮಿನಾರ್ ನಡೆಯುತ್ತದೆ, ಪಂಚಾಯತ್ ಆಡಳಿತ ಸಮಿತಿ ತೀರ್ಮಾನಿಸುತ್ತದೆ, ಕೊನೆಗೆ ಜಿಲ್ಲಾ ಯೋಜನಾ ಸಮಿತಿ ಒಪ್ಪಿಗೆ ಕೊಡುತ್ತದೆ.

ನಮ್ಮ ಸೂಚಕ ಒಳಗೆ ಹೋಗಬೇಕಾದ್ದು ಮೊದಲನೇ ಬಾಗಿಲಲ್ಲಿ, ಆ ಸ್ಥಿತಿಗತಿಯ ವರದಿಯಲ್ಲಿ. ಹೆಚ್ಚಿನ ಕಡೆ ಕಳೆದ ವರ್ಷದ್ದನ್ನೇ ಇಸವಿ ಬದಲಿಸಿ ಇಡುತ್ತಾರೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳುವುದು ಒಳ್ಳೆಯದೇ, ಆದರೆ ಆ ಹೊತ್ತಿಗೆ ಅರ್ಧ ಪಟ್ಟಿ ತಯಾರಾಗಿರುತ್ತದೆ. ಗ್ರಾಮಸಭೆಯ ಕೋರಂ ಮತದಾರರ ಶೇಕಡಾ 10 ಅನ್ನುವುದು ನೆನಪಿರಲಿ. 1,200 ಮತದಾರರ ವಾರ್ಡ್ ಆದರೆ 120 ಜನ. ಸಹಿ ಮಾಡಿ ಹೋದವರಲ್ಲ, ಕೂತು ಮಾತಾಡಿದವರು 120 ಜನ ಇದ್ದರೆ ಎಷ್ಟು ವಿಷಯ ಹೊರಗೆ ಬರುತ್ತದೆ!

ಇನ್ನೊಂದು ಸಂಗತಿಯಲ್ಲಿ ನಾವು ನಿಜವಾಗಿ ಎಡವಿದೆವು. ಯೋಜನೆಯ ಚರ್ಚೆ ಮಳೆಗಾಲ ಮುಗಿದ ಮೇಲೆ ಜೋರಾಗುತ್ತದೆ ಅಂತ ನಾವು ನೀರಿನ ಸರ್ವೆಯನ್ನು ನವೆಂಬರಿನಲ್ಲಿ ಮಾಡಿದೆವು. ಬಾವಿಯೆಲ್ಲ ತುಂಬಿತ್ತು. ‘ನೀರಿಗೆ ತೊಂದರೆ ಇದೆಯಾ?’ ಅಂತ ಕೇಳಿದರೆ ಎಲ್ಲರೂ ‘ಇಲ್ಲ’ ಅಂದರು. ಅದನ್ನೇ ಬರೆದೆವು. ಮುಂದಿನ ಏಪ್ರಿಲ್‌ನಲ್ಲಿ ಅದೇ ಮನೆಗಳ ಮುಂದೆ ಟ್ಯಾಂಕರ್ ನಿಂತಿತ್ತು. ಹಾಗಾಗಿ ವರ್ಷಕ್ಕೆ ಎರಡು ಸಲ ಅಳೆಯಿರಿ. ನೀರು, ಬೇಸಗೆ ಕೆಲಸ, ದನಗಳ ಮೇವು ಇದನ್ನೆಲ್ಲ ಏಪ್ರಿಲ್-ಮೇಯಲ್ಲಿ. ಜ್ವರ, ಕಡಿದುಹೋಗುವ ದಾರಿ, ಮಕ್ಕಳ ಶಾಲೆ ತಪ್ಪುವುದು ಇದನ್ನೆಲ್ಲ ಜುಲೈ-ಆಗಸ್ಟಿನಲ್ಲಿ.

ಹೆಜ್ಜೆ 2: ಪಟ್ಟಿ ಮಾಡುವ ಮೊದಲು ಸುಮ್ನೆ ಕೂತು ಕೇಳಿ

ಇದಕ್ಕೆ ಅತ್ಯಂತ ಒಳ್ಳೆಯ ಜಾಗ ಹೆಂಗಸರ ಸ್ವಸಹಾಯ ಸಂಘಟನೆ ಕುಟುಂಬಶ್ರೀಯ ನೆರೆಕರೆ ಕೂಟ, ಅಂದರೆ ಅಯಲ್‌ಕೂಟ. 1998ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ 10ರಿಂದ 20 ಮನೆಯ ಹೆಂಗಸರು ವಾರ ವಾರ ಸೇರುತ್ತಾರೆ. ವಾರ್ಡಿನ ಕೂಟಗಳಿಗೆಲ್ಲ ಎಡಿಎಸ್ ಅನ್ನುವ ಸಮಿತಿ, ಪಂಚಾಯತ್‌ಗೆ ಸಿಡಿಎಸ್ ಅಂತ ಮೇಲಿನ ಕೊಂಡಿ ತಯಾರೇ ಇದೆ. ಅಲ್ಲಿ ಹೋಗಿ ಮೂರೇ ಪ್ರಶ್ನೆ ಇಡಿ. ಕಳೆದ ವರ್ಷದಲ್ಲಿ ನಿಮಗೆ ತುಂಬ ಕಷ್ಟವಾದ ತಿಂಗಳು ಯಾವುದು, ಯಾಕೆ? ನಿಮ್ಮ ನೆರೆಕರೆಯಲ್ಲಿ ಸೌಖ್ಯವಾಗಿದ್ದಾರೆ ಅಂತ ನಿಮಗೆ ಅನ್ನಿಸುವ ಮನೆಯಲ್ಲಿ ಏನಿದೆ? ನಿಮಗೆ ತುರ್ತಾದರೆ ರಾತ್ರಿ ಯಾರ ಬಾಗಿಲು ತಟ್ಟುತ್ತೀರಿ? ಮೂರನೇ ಪ್ರಶ್ನೆಗೆ ಉತ್ತರ ಬಾರದೆ ಸುಮ್ಮನಾಗುವವರು ಇರುತ್ತಾರೆ. ಅದನ್ನೂ ಬರೆದುಕೊಳ್ಳಿ, ಅದು ದೊಡ್ಡ ಮಾಹಿತಿ.

ಅಯಲ್‌ಕೂಟಕ್ಕೆ ಬಾರದವರು ಯಾರು ಅಂತ ಬೇರೆ ಪಟ್ಟಿ ಮಾಡಿ. ಕೊರಗ ಸಮುದಾಯದ ಮನೆಗಳು, ಅಡಿಕೆ ತೋಟದ ಶೆಡ್ಡಿನಲ್ಲಿರುವ ಹೊರರಾಜ್ಯದ ಕೆಲಸದವರು, ಬೀಡಿ ಕಟ್ಟಿ ಬೆನ್ನು ನೆಟ್ಟಗೆ ಮಾಡಲಾಗದ ಅಜ್ಜಿಯಂದಿರು, ಒಂಟಿ ಗಂಡಸರು, ಗಲ್ಫಿನಿಂದ ಕೆಲಸ ಬಿಟ್ಟು ಬಂದು ಮನೆಯಲ್ಲೇ ಇರುವ ಹುಡುಗರು. ಇವರ ಹತ್ತಿರ ನಾವೇ ಹೋಗಬೇಕು, ಅವರ ಕೆಲಸದ ಹೊತ್ತು ನೋಡಿ ಹೋಗಬೇಕು.

ಭಾಷೆ ಮಾತ್ರ ಬಹಳ ಜಾಗ್ರತೆಯ ವಿಷಯ. ಫಾರಂ ಮಲಯಾಳದಲ್ಲಿ ಬರುತ್ತದೆ, ಸ್ವಯಂಸೇವಕರು ನಿಂತಲ್ಲೇ ಕನ್ನಡಕ್ಕೋ ತುಳುವಿಗೋ ಬ್ಯಾರಿಗೋ ತಿರುಗಿಸಿ ಕೇಳುತ್ತಾರೆ, ಒಬ್ಬೊಬ್ಬರು ಒಂದೊಂದು ರೀತಿ. ಮಲಯಾಳದಲ್ಲಿ ‘ಅವಕಾಶಂ’ ಅಂದರೆ ಹಕ್ಕು. ನಮಗೆ ಅವಕಾಶ ಅಂದರೆ ಸಂದರ್ಭ, ಚಾನ್ಸ್. ಅವರ ‘ಆಶ್ವಾಸಂ’ ಅಂದರೆ ನೆಮ್ಮದಿ, ನಮ್ಮ ಆಶ್ವಾಸನೆ ಅಂದರೆ ಕೊಟ್ಟ ಮಾತು. ‘ನಿಮಗೆ ಅವಕಾಶ ಸಿಗುತ್ತಿದೆಯಾ?’ ಅಂತ ಕೇಳಿದರೆ ಅರ್ಧ ಜನ ಪಿಂಚಣಿ ಬಗ್ಗೆ ಹೇಳುತ್ತಾರೆ, ಅರ್ಧ ಜನ ಮಗನ ಕೆಲಸದ ಬಗ್ಗೆ. ಆ ಲೆಕ್ಕ ಯಾರಿಗೆ ಬೇಕು? ಹಾಗಾಗಿ ಪ್ರಶ್ನೆಗಳನ್ನು ಮೊದಲೇ ನಿಮ್ಮ ವಾರ್ಡಿನ ಎಲ್ಲ ಮಾತಿನಲ್ಲೂ ಬರೆದಿಡಿ. ತುಳು, ಬ್ಯಾರಿ ಕನ್ನಡ ಅಕ್ಷರದಲ್ಲಿದ್ದರೆ ಸಾಕು. ಒಬ್ಬರು ತಿರುಗಿಸಿದ್ದನ್ನು ಮೂಲ ನೋಡದ ಇನ್ನೊಬ್ಬರು ವಾಪಸ್ ಮಲಯಾಳಕ್ಕೆ ತರಲಿ. ಅದೇ ಅರ್ಥ ಬಂದರೆ ಇಟ್ಟುಕೊಳ್ಳಿ, ಬಾರದಿದ್ದರೆ ಪದ ಬದಲಿಸಿ.

ಹೆಜ್ಜೆ 3: 12ಕ್ಕಿಂತ ಜಾಸ್ತಿ ಬೇಡ

ಕೇಳುತ್ತಾ ಹೋದರೆ ನೂರು ವಿಷಯ ಬರುತ್ತದೆ. ಅದನ್ನು 12ಕ್ಕೆ ಇಳಿಸಿ. ಪ್ರತಿಯೊಂದಕ್ಕೂ ನಾನು ಹಾಕುವ ಪರೀಕ್ಷೆ ಇಷ್ಟೇ: ಮುಂದಿನ ವರ್ಷ ಬೇರೆಯವರು ಬಂದರೂ ಇದನ್ನು ಹೀಗೇ ಅಳೆಯಬಹುದಾ? ಇದರ ಬಗ್ಗೆ ಪಂಚಾಯತ್ ಏನಾದರೂ ಮಾಡಬಹುದಾ, ಕಡೇಪಕ್ಷ ಗಟ್ಟಿಯಾಗಿ ಕೇಳಬಹುದಾ? ಗೋಡೆ ಮೇಲೆ ಹಾಕಿದರೆ ಯಾವುದಾದರೂ ಮನೆಗೆ ಅವಮಾನ ಆಗುತ್ತದಾ? ಮೊದಲ ಎರಡಕ್ಕೆ ‘ಹೌದು’, ಮೂರನೆಯದಕ್ಕೆ ‘ಇಲ್ಲ’ ಅಂತ ಬಂದರೆ ಮಾತ್ರ ಪಟ್ಟಿಯಲ್ಲಿ ಇರಲಿ.

ಮಕ್ಕಳ ತೂಕ, ಶಾಲೆಯ ಹಾಜರಿ, ಹಿರಿಯರ ಪಿಂಚಣಿ, ಕಸ ಸಂಗ್ರಹ ಇವೆಲ್ಲ ಇದ್ದದ್ದೇ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮ್ಮ ಊರಿಗೆ ಬೇಕೇ ಬೇಕು ಅಂತ ನನಗನ್ನಿಸುವ ನಾಲ್ಕನ್ನು ಹೇಳುತ್ತೇನೆ.

ನೀರು ಮೊದಲನೆಯದು. ಇಷ್ಟು ಮಳೆ ಬೀಳುವ ಜಿಲ್ಲೆ, 12 ನದಿಗಳ ಜಿಲ್ಲೆ, ಆದರೂ ಮುರಕಲ್ಲಿನ ಗುಡ್ಡದ ಮೇಲಿನ ಮನೆಗೆ ಬೇಸಗೆಯಲ್ಲಿ ನೀರಿಲ್ಲ. ನಮ್ಮ ಹಿರಿಯರು ಅದಕ್ಕೇ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ಒಸರು ನೀರನ್ನು ಅಂಗಳಕ್ಕೆ ತಂದರು. ‘ನೀರಿನ ಮೂಲ ಯಾವುದು’ ಅಂತ ಕೇಳಿದರೆ ಸಾಲದು. ‘ಏಪ್ರಿಲ್ 1ರಿಂದ ಮೇ 31ರ ತನಕ, 61 ದಿನಗಳಲ್ಲಿ, ಎಷ್ಟು ದಿನ ಅಂಗಳ ಬಿಟ್ಟು ಹೊರಗಿಂದ ನೀರು ತಂದಿರಿ? ತಂದವರು ಯಾರು?’ ಅಂತ ಕೇಳಿ. ಸುರಂಗ ಇರುವ ಮನೆಯಾದರೆ ನೀರಿನ ಎಳೆ ಯಾವ ತಿಂಗಳು ನಿಂತಿತು ಅಂತಲೂ ಬರೆಯಿರಿ.

ಎರಡನೆಯದು ಆರೈಕೆ ಮಾಡುವವರ ಬಿಡುವು. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ದೇಶದಲ್ಲಿ ಅದನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಪಂಚಾಯತ್‌ಗಳಲ್ಲಿ ಆಗ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳು ಈಗ ದೊಡ್ಡವರು, ಅವರನ್ನು ಎತ್ತಿ ಸ್ನಾನ ಮಾಡಿಸುವ ಅಮ್ಮಂದಿರಿಗೆ ವಯಸ್ಸಾಗುತ್ತಿದೆ. ಎಷ್ಟು ಜನ ಫಲಾನುಭವಿಗಳು ಅನ್ನುವ ಲೆಕ್ಕ ಸರಕಾರದಲ್ಲಿದೆ. ನಾವು ಕೇಳಬೇಕಾದ್ದು ಬೇರೆ: ‘ಕಳೆದ ತಿಂಗಳು, ಮಗುವನ್ನು ನಂಬಿಕೆಯವರ ಹತ್ತಿರ ಬಿಟ್ಟು, ನಿಮ್ಮ ಕೆಲಸಕ್ಕೋ ನಿಮ್ಮ ಔಷಧಿಗೋ ಎಷ್ಟು ಗಂಟೆ ಹೊರಗೆ ಹೋದಿರಿ?’ ಒಬ್ಬ ತಾಯಿ ನನಗೆ ‘ಸೊನ್ನೆ’ ಅಂದರು. ಕೂಡಲೇ, ಯೋಚನೆ ಮಾಡದೆ ಅಂದರು. ಆ ಸೊನ್ನೆಯನ್ನು ಬರೆಯಲು ಯಾವ ಫಾರಮಿನಲ್ಲೂ ಒಂದು ಚೌಕ ಇರಲಿಲ್ಲ. ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳಿಗಾಗಿ ಪಂಚಾಯತ್ ನಡೆಸುವ ಬಡ್ಸ್ ಶಾಲೆಯ ಹೊತ್ತು, ಅಲ್ಲಿಗೆ ಹೋಗುವ ವಾಹನ, ರಜೆಯ ದಿನದ ವ್ಯವಸ್ಥೆ ಎಲ್ಲವೂ ಈ ಒಂದು ಸಂಖ್ಯೆಗೆ ಅಂಟಿಕೊಂಡಿವೆ.

ಮೂರನೆಯದು ಆಸ್ಪತ್ರೆಯ ದೂರ, ಆದರೆ ಕಿಲೋಮೀಟರಿನಲ್ಲಲ್ಲ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಕೊರೋನಾ ಅಂತ ಕರ್ನಾಟಕದ ಗಡಿ ಮುಚ್ಚಿದಾಗ, ಅರ್ಧ ಗಂಟೆಯ ಮಂಗಳೂರು ನಮಗೆ ಒಂದೇ ದಿನದಲ್ಲಿ ಪರದೇಶವಾಯಿತು. ಹಾಗಾಗಿ ‘ರಾತ್ರಿ 11 ಗಂಟೆಗೆ ಎದೆನೋವು ಬಂದರೆ ಎಲ್ಲಿಗೆ ಹೋಗುತ್ತೀರಿ, ಯಾರ ವಾಹನ, ಎಷ್ಟು ಹೊತ್ತು, ಎಷ್ಟು ಹಣ’ ಅಂತ ಕೇಳಿ.

ನಾಲ್ಕನೆಯದು ಕಾಗದದ ಭಾಷೆ. 1969ರ ಕೇರಳ ಅಧಿಕೃತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಪ್ರಶ್ನೆ ಸರಳ: ‘ಕೊನೆಯ ಸಲ ಕಚೇರಿಯಿಂದ ಬಂದ ಕಾಗದವನ್ನು ನೀವೇ ಓದಿದಿರಾ, ಬೇರೆಯವರಿಂದ ಓದಿಸಿದಿರಾ?’

‘ನಿಮ್ಮ ಬದುಕು 10 ಮೆಟ್ಟಿಲಿನ ಏಣಿ ಅಂತ ಇಟ್ಟುಕೊಂಡರೆ ನೀವು ಯಾವ ಮೆಟ್ಟಿಲಲ್ಲಿದ್ದೀರಿ?’ ಅನ್ನುವ ಪ್ರಶ್ನೆಯನ್ನು ಪ್ರಪಂಚದ ಬಹಳ ಕಡೆ ಕೇಳುತ್ತಾರೆ. ನಾವೂ ಕೇಳೋಣ. ಆದರೆ ಅದೊಂದನ್ನೇ ನಂಬಬೇಡಿ. ದೇವರು ಕೊಟ್ಟದ್ದು ಸಾಕು ಅಂತ ಬದುಕಿದವರು ಸೋರುವ ಮಾಡಿನ ಕೆಳಗೆ ಕೂತೂ 8 ಅನ್ನುತ್ತಾರೆ. ಮನಸ್ಸಿನ ಪ್ರಶ್ನೆಯ ಪಕ್ಕದಲ್ಲಿ ಯಾವಾಗಲೂ ಒಂದು ಕಣ್ಣಿಗೆ ಕಾಣುವ ಸಂಗತಿಯ ಪ್ರಶ್ನೆ ಇರಲಿ.

ಹೆಜ್ಜೆ 4: ಮಾಹಿತಿ ಸೇರಿಸುವುದು

ಮೊದಲು ಇರುವುದನ್ನು ತೆಗೆದುಕೊಳ್ಳಿ. ಅಂಗನವಾಡಿ ರಿಜಿಸ್ಟರ್, ಕುಟುಂಬಾರೋಗ್ಯ ಕೇಂದ್ರದ ಜ್ವರದ ಲೆಕ್ಕ, ಪಾಲಿಯೇಟಿವ್ ನರ್ಸ್ ಮನೆಭೇಟಿಯ ಪುಸ್ತಕ, ಶಾಲೆಯ ಹಾಜರಿ. ಹೆಸರು ಬೇಡ, ಸಂಖ್ಯೆ ಮಾತ್ರ ಕೇಳಿ. ಆಶಾ ಮತ್ತು ಅಂಗನವಾಡಿಯವರ ತಲೆ ಮೇಲೆ ಇನ್ನೊಂದು ಫಾರಂ ಹೇರಬೇಡಿ, ಅವರಿಗೆ ಈಗಲೇ ಉಸಿರಾಡಲು ಹೊತ್ತಿಲ್ಲ.

ಇಲ್ಲದ್ದಕ್ಕೆ ಮನೆ ಮನೆ ಸರ್ವೆ. ಎಷ್ಟು ಮನೆ? ಇಡೀ ಪಂಚಾಯತ್‌ನ ಚಿತ್ರ ಬೇಕಾದರೆ ಸುಮಾರು 400 ಮನೆ ಸಾಕು, ಶೇಕಡಾ 5ರಷ್ಟು ಆಚೀಚೆ ಆಗಬಹುದು. ಆದರೆ ಆ 400ನ್ನು 20 ವಾರ್ಡಿಗೆ ಹಂಚಿದರೆ ವಾರ್ಡಿಗೆ 20 ಮನೆ. ಆಗ ವಾರ್ಡಿನ ಲೆಕ್ಕ ಶೇಕಡಾ 20ಕ್ಕೂ ಜಾಸ್ತಿ ಆಚೀಚೆ ಹೋಗುತ್ತದೆ, ಅದನ್ನು ಹಿಡಿದು ‘ಈ ವಾರ್ಡ್ ಮುಂದೆ, ಆ ವಾರ್ಡ್ ಹಿಂದೆ’ ಅನ್ನಬಾರದು. ವಾರ್ಡ್ ಲೆಕ್ಕವೇ ಬೇಕಾದ ಎರಡು ಮೂರು ಸೂಚಕಗಳಿಗೆ, ನೀರಿನದ್ದು ಮುಖ್ಯವಾಗಿ, ಅಯಲ್‌ಕೂಟಗಳ ಮೂಲಕ ಎಲ್ಲ ಮನೆಯನ್ನೂ ಎಣಿಸಿ. ಆಗದ ಕೆಲಸವಲ್ಲ. ಅತಿ ಬಡತನ ನಿವಾರಣೆಯ ಯೋಜನೆಯಲ್ಲಿ ಕೇರಳ ಹೀಗೇ ವಾರ್ಡ್ ವಾರ್ಡ್ ಹುಡುಕಿ 64,006 ಕುಟುಂಬಗಳನ್ನು ಗುರುತಿಸಿ, ಒಂದೊಂದಕ್ಕೂ ಬೇರೆ ಬೇರೆ ಚಿಕ್ಕ ಯೋಜನೆ ಮಾಡಿತ್ತು.

ಮನೆ ಆರಿಸುವಾಗ ದಾರಿ ಬದಿಯ, ಪರಿಚಯದ, ಚಹಾ ಕೊಡುವ ಮನೆಗಳನ್ನೇ ಆರಿಸುವ ಆಸೆ ಆಗುತ್ತದೆ. ಬೇಡ. ಮನೆ ನಂಬರಿನ ಪಟ್ಟಿ ಹಿಡಿದು ಪ್ರತಿ 15ನೆಯದಕ್ಕೆ ಹೋಗಿ. ಬೀಗ ಹಾಕಿದ್ದರೆ ಸಂಜೆ ಮತ್ತೆ ಹೋಗಿ, ಪಕ್ಕದ ಮನೆಯಲ್ಲಿ ಕೇಳಿ ಮುಗಿಸಬೇಡಿ. ಹಗಲು ಬೀಗ ಹಾಕಿದ ಮನೆ ಅಂದರೆ ಎಲ್ಲರೂ ದುಡಿಯಲು ಹೋದ ಮನೆ, ಅವರ ಮಾತು ತಪ್ಪಿಹೋದರೆ ಲೆಕ್ಕ ವಾಲುತ್ತದೆ. ಫಾರಮಿನಲ್ಲಿ ಹೆಸರು, ಫೋನ್, ಆಧಾರ್ ಏನೂ ಬೇಡ.

2025ರ ಪಂಚಾಯತ್ ಚುನಾವಣೆಗೆ ಮೊದಲು ವಾರ್ಡುಗಳ ಗಡಿ ಬದಲಾಯಿತು, ಇದನ್ನು ಮರೆಯಬೇಡಿ. ಹಳೆಯ ವಾರ್ಡಿನ ಲೆಕ್ಕವನ್ನು ಅದೇ ನಂಬರಿನ ಹೊಸ ವಾರ್ಡಿನ ಪಕ್ಕ ಇಟ್ಟರೆ ತಪ್ಪಾಗುತ್ತದೆ. ಅದಕ್ಕೆ ಪ್ರತಿ ಫಾರಮಿನಲ್ಲೂ ಜಾಗದ ಹೆಸರು ಬರೆಯಿಸಿ, ಆ ಬೈಲು (ತಗ್ಗಿನ ಗದ್ದೆಯ ಜಾಗ), ಈ ಗುಡ್ಡೆ, ಆ ಪದವು (ಗುಡ್ಡದ ಮೇಲಿನ ಸಮತಟ್ಟು ಜಾಗ) ಅಂತ. ವಾರ್ಡ್ ಬದಲಾದರೂ ಪದವು ಅಲ್ಲೇ ಇರುತ್ತದೆ.

ಹೆಜ್ಜೆ 5: ಸರಾಸರಿಯನ್ನು ಒಡೆದು ನೋಡಿ

ಒಂದು ಉದಾಹರಣೆ ಇಟ್ಟುಕೊಳ್ಳಿ. ಪಂಚಾಯತ್‌ನಲ್ಲಿ 100ಕ್ಕೆ 80 ಮನೆಗೆ ಬೇಸಗೆಯಲ್ಲೂ ಅಂಗಳದಲ್ಲೇ ನೀರಿದೆ. ಚೆನ್ನಾಗಿದೆ ಅನ್ನಿಸುತ್ತದೆ. ಬೈಲು ಮತ್ತು ಪದವು ಅಂತ ಬೇರೆ ಮಾಡಿ ನೋಡಿದರೆ ಬೈಲಿನಲ್ಲಿ 95, ಪದವಿನಲ್ಲಿ 30. ಈಗ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಹೀಗೇ ಹೆಂಗಸರು-ಗಂಡಸರು, ಮನೆಮಾತು, ವಯಸ್ಸು, ಸ್ವಂತ ಜಾಗ ಇದ್ದವರು-ಇಲ್ಲದವರು ಅಂತ ಒಡೆಯಿರಿ. ಆದರೆ ಒಂದು ಗುಂಪಿನಲ್ಲಿ ಹತ್ತಕ್ಕಿಂತ ಕಡಿಮೆ ಮನೆ ಇದ್ದರೆ ಆ ಸಂಖ್ಯೆಯನ್ನು ಹೊರಗೆ ಹಾಕಬೇಡಿ, ಯಾರ ಮನೆ ಅಂತ ಊರಿಗೆಲ್ಲ ಗೊತ್ತಾಗುತ್ತದೆ.

ಆಮೇಲೆ ಲೆಕ್ಕವನ್ನು ಜನರ ಹತ್ತಿರ ವಾಪಸ್ ಒಯ್ಯಿರಿ. ಚಾರ್ಟ್ ಕಾಗದದಲ್ಲಿ ಪಂಚಾಯತ್‌ನ ನಕ್ಷೆ ಬರೆದು ಕೆಂಪು, ಹಳದಿ, ಹಸಿರು ಬಣ್ಣ ಹಾಕಿದರೆ ಸಾಕು. ‘ಇಲ್ಲಿ ಹಸಿರು ತಪ್ಪು, ಆ ಬೋರ್‌ವೆಲ್ ಕೆಟ್ಟು ಎರಡು ವರ್ಷ ಆಯಿತು’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ತಿದ್ದಿ.

ಹೆಜ್ಜೆ 6: ಸಂಖ್ಯೆಗೆ ಹಣ ಕಟ್ಟುವುದು

ಇಲ್ಲೇ ಹೆಚ್ಚಿನ ಪ್ರಯತ್ನ ನಿಂತುಹೋಗುವುದು. ವರದಿ ಚಂದ ಮುದ್ರಣವಾಗುತ್ತದೆ, ಬಜೆಟ್ ಹಳೆಯ ಹಾಗೇ ಇರುತ್ತದೆ. ನಾನು ಹೇಳುವುದು ಇಷ್ಟು: ಕೆಂಪು ಬಣ್ಣದ ಪ್ರತಿ ಸೂಚಕಕ್ಕೆ ಒಂದು ಪ್ರಾಜೆಕ್ಟ್, ಒಬ್ಬ ಹೊಣೆಗಾರ, ಒಂದು ದಿನಾಂಕ ಬರೆಯಿಸಿ. ಪ್ರಾಜೆಕ್ಟಿನ ಉದ್ದೇಶದ ಜಾಗದಲ್ಲಿ ‘ಕುಡಿಯುವ ನೀರಿನ ಸೌಲಭ್ಯ’ ಅಂತ ಬರೆದು ಬಿಡಬೇಡಿ. ‘ಇಂಥ ಪದವಿನಲ್ಲಿ ಬೇಸಗೆಯಲ್ಲಿ ಹೊರಗಿಂದ ನೀರು ತರುವ ದಿನಗಳು 40ರಿಂದ 15ಕ್ಕೆ ಇಳಿಯಬೇಕು’ ಅಂತ ಬರೆಯಿರಿ. ಆಗ ಪರಿಹಾರವೂ ಬೇರೆ ಬೇರೆ ಹೊಳೆಯುತ್ತದೆ. ಹೊಸ ಬೋರ್‌ವೆಲ್ ಒಂದೇ ಅಲ್ಲ, ಹಳೆ ಸುರಂಗದ ಹೂಳು ತೆಗೆಯುವುದು, ಮಾಡಿನ ನೀರನ್ನು ಬಾವಿಗೆ ಇಳಿಸುವುದು, ಮಳೆಗಾಲ ಕಳೆದ ಮೇಲೆ ತೋಡಿಗೆ ನಮ್ಮ ಕೃಷಿಕರು ಹಾಕುವ ಕಟ್ಟಗಳಿಗೆ ಸಹಾಯ ಕೊಡುವುದು.

ಹಣದ ತಲೆಬರಹ ಹುಡುಕಿ. ಹೆಂಗಸರಿಗೆಂದೇ ಇರುವ ಮಹಿಳಾ ಘಟಕ ಯೋಜನೆಗೆ ಯೋಜನಾ ಹಣದಲ್ಲಿ ಕನಿಷ್ಠ ಶೇಕಡಾ 10 ಇಡಲೇಬೇಕು. ಅದು ಪ್ರತಿ ವರ್ಷ ಹೊಲಿಗೆ ಯಂತ್ರಕ್ಕೂ ಕೋಳಿಮರಿಗೂ ಹೋಗುವ ಬದಲು ಆರೈಕೆ ಮಾಡುವ ತಾಯಂದಿರ ಬಿಡುವಿಗೆ ಹೋಗಬಾರದಾ? ಬಡ್ಸ್ ಶಾಲೆಯ ವಾಹನ, ವಾರಕ್ಕೆರಡು ದಿನ ಮನೆಗೆ ಬಂದು ನೋಡಿಕೊಳ್ಳುವವರ ಗೌರವಧನ ಇವೆಲ್ಲ ಆ ಹಣದಲ್ಲಿ ಕೇಳಬಹುದಾದ ಪ್ರಾಜೆಕ್ಟುಗಳು. ಪಂಚಾಯತ್ ಕೈಯಲ್ಲಿ ಆಗದ್ದು, ರಾತ್ರಿಯ ಡಾಕ್ಟರ್, ಬಸ್ಸಿನ ಹೊತ್ತು, ಕನ್ನಡ ಬಲ್ಲ ನೌಕರ, ಇವಕ್ಕೆ ಸಂಖ್ಯೆ ಸಮೇತ ನಿರ್ಣಯ ಮಾಡಿ ಬ್ಲಾಕಿಗೆ, ಜಿಲ್ಲಾ ಪಂಚಾಯತ್‌ಗೆ, ಇಲಾಖೆಗೆ ಕಳಿಸಿ. ಸುಮ್ನೆ ಮನವಿ ಕೊಡುವುದಕ್ಕೂ, ‘400 ಮನೆಯಲ್ಲಿ ಇಷ್ಟು ಮನೆಯವರು ಕಾಗದ ಓದಿಸಲು ಬೇರೆಯವರ ಹತ್ತಿರ ಹೋದರು’ ಅಂತ ಬರೆದು ಕೊಡುವುದಕ್ಕೂ ತುಂಬ ವ್ಯತ್ಯಾಸ ಇದೆ.

ಹೆಜ್ಜೆ 7: ಮತ್ತೆ ಅಳೆಯುವುದು, ಗೋಡೆಗೆ ಹಾಕುವುದು

ಮುಂದಿನ ವರ್ಷ ಅದೇ ತಿಂಗಳು, ಅದೇ ಪದಗಳಲ್ಲಿ ಕೇಳಿ. ಪ್ರಶ್ನೆ ಚಂದ ಮಾಡಲು ಹೋಗಿ ಪದ ಬದಲಿಸಿದರೆ ಹಳೆಯದರ ಜೊತೆ ಹೋಲಿಸಲು ಆಗುವುದಿಲ್ಲ. ಲೆಕ್ಕ ಕೆಟ್ಟಿದ್ದರೆ ಕೆಟ್ಟಿದೆ ಅಂತಲೇ ಬರೆಯಿರಿ. ಮಳೆ ಕಡಿಮೆಯಾದ ವರ್ಷ, ಅಡಿಕೆಗೆ ಕೊಳೆರೋಗ ಬಂದ ವರ್ಷ ಅಂತ ಪಕ್ಕದಲ್ಲಿ ಒಂದು ಸಾಲು ಟಿಪ್ಪಣಿ ಇದ್ದರೆ ಐದು ವರ್ಷದ ಮೇಲೆ ಓದುವವರಿಗೆ ಕಾರಣ ತಿಳಿಯುತ್ತದೆ.

ಪಂಚಾಯತ್ ಕಚೇರಿ, ರೇಷನ್ ಅಂಗಡಿ, ಹಾಲಿನ ಸೊಸೈಟಿ, ಅಂಗನವಾಡಿಯ ಗೋಡೆ, ಜನ ಕಾಯುತ್ತಾ ನಿಲ್ಲುವ ಕಡೆಯೆಲ್ಲ ಒಂದು ಹಾಳೆ ಅಂಟಿಸಿ. ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ, ಅಕ್ಷರ ದೊಡ್ಡದಿರಲಿ. ಕಳೆದ ವರ್ಷ, ಈ ವರ್ಷ, ಅದಕ್ಕಾಗಿ ಖರ್ಚಾದ ಹಣ ಅಂತ ಮೂರು ಸಾಲು, ಪಕ್ಕದಲ್ಲಿ ಮುಂದಿನ ವರ್ಷಕ್ಕೆ ಖಾಲಿ ಬಿಟ್ಟ ಒಂದು ಚೌಕ.

ಫಾರಂಗಳ ಮತ್ತು ಲೆಕ್ಕದ ಪುಸ್ತಕದ ಎರಡು ಪ್ರತಿ ಮಾಡಿ. ಒಂದು ಪಂಚಾಯತ್‌ನಲ್ಲಿರಲಿ. ಸದಸ್ಯರು ಐದು ವರ್ಷಕ್ಕೆ ಬದಲಾಗುತ್ತಾರೆ, ಸೆಕ್ರೆಟರಿ ಅದಕ್ಕೂ ಮೊದಲೇ ವರ್ಗವಾಗಿ ಹೋಗುತ್ತಾರೆ, ಕಪಾಟು ಬದಲಾಗುತ್ತದೆ. ಇನ್ನೊಂದನ್ನು ಊರಿನ ವಾಚನಾಲಯದಲ್ಲಿ, ಪೇಪರ್ ಓದಲು ಬರುವವರ ಕೈಗೆ ಸಿಗುವ ಹಾಗೆ ಮೇಜಿನ ಮೇಲೇ ಇಡಿ.